ಒಂದು ಕೋಳಿಯ ಗಡ್ಡೆಯಿಂದ ನಮ್ಮ ಹೆಣ್ಣುಮಕ್ಕಳ ಲಸಿಕೆವರೆಗೆ

ಕೊಡಗಿನ ಗೋಣಿಕೊಪ್ಪಲಿನಲ್ಲಿ ಸ್ತ್ರೀಶಕ್ತಿ ಸಂಘದವರು ಕರೆದಿದ್ದ ಸಭೆಯಲ್ಲಿ ಮಾತಾಡಿದ್ದು ಇದು. ಬರಲಾಗದವರು ಕೇಳಿದರು ಅಂತ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಸಭೆ ಶುರುವಾಗುವ ಮೊದಲೇ ಒಬ್ಬರು ಅಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಡಾಕ್ಟ್ರೇ, ಕ್ಯಾನ್ಸರ್ ಅಂಟುತ್ತಾ? ನೇರವಾಗಿ ಹೇಳಿ" ಅಂದರು. ನಾನು ದನ, ನಾಯಿ, ಕೋಳಿ ಡಾಕ್ಟರು. ಮೂವತ್ತು ವರ್ಷಕ್ಕೂ ಜಾಸ್ತಿ ಈ ಜಿಲ್ಲೆಯ ಕೊಟ್ಟಿಗೆಗಳಲ್ಲೇ ಕಳೆದವನು. ಆದರೂ ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಸ್ವಲ್ಪ ಹಕ್ಕಿದೆ ಅಂತ ಅನಿಸುತ್ತದೆ, ಯಾಕೆಂದರೆ ಉತ್ತರ ಮೊದಲು ಸಿಕ್ಕಿದ್ದು ಮನುಷ್ಯರಲ್ಲಿ ಅಲ್ಲ, ನಾನು ನೋಡಿಕೊಳ್ಳುವ ಪ್ರಾಣಿಗಳಲ್ಲೇ.

ಇಪ್ಪತ್ತು ವರ್ಷದ ಹಿಂದಿನ ಮಾತು. ಸಿದ್ದಾಪುರದ ಕಡೆ ಒಂದು ತೋಟಕ್ಕೆ ಹಸು ನೋಡಲು ಹೋಗಿದ್ದೆ. ವಾಪಸ್ ಬರುವಾಗ ತೋಟದ ಕೆಲಸದವರ ಲೈನ್ ಮನೆಗಳ ಸಾಲಿನ ಕೊನೆಯಲ್ಲಿ, ಬಾಗಿಲ ಹೊರಗೆ ಕಲ್ಲಿನ ಮೇಲೆ ಒಂದು ತಟ್ಟೆ, ಒಂದು ಲೋಟ ಕವುಚಿ ಇಟ್ಟಿದ್ದು ಕಂಡಿತು. ಆ ಮನೆಯ ಹೆಂಗಸಿಗೆ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್. ಕಾಫಿ ಕುಯ್ಯುವ ಕೆಲಸ ನಿಂತು ಆರು ತಿಂಗಳಾಗಿತ್ತು. ಅಂಟುತ್ತದೆ ಅಂತ ಅವರ ತಟ್ಟೆಯನ್ನು ಹೊರಗಿಟ್ಟಿದ್ದರು. ಅಕ್ಕಪಕ್ಕದವರಿಗೆ "ಅಂಟಲ್ಲ ಅಮ್ಮ, ಸುಮ್ನೆ ಹೆದರಬೇಡಿ" ಅಂತ ಹೇಳಿದೆ. ಅವರು ನಂಬಲಿಲ್ಲ. ನಾನೂ ಪೂರ್ತಿ ಹೇಳಿರಲಿಲ್ಲ. ಆ ಅರ್ಧ ಉತ್ತರ ಇವತ್ತಿಗೂ ನನ್ನನ್ನು ಕಾಡುತ್ತದೆ.

ಪೂರ್ತಿ ಉತ್ತರ ಹೀಗಿದೆ. ಕ್ಯಾನ್ಸರ್ ಅಂಟುವುದಿಲ್ಲ. ಆದರೆ ಕೆಲವು ಕ್ಯಾನ್ಸರಿಗೆ ದಾರಿ ಮಾಡಿಕೊಡುವ ವೈರಸ್ ಅಂಟುತ್ತದೆ. ಈ ಎರಡು ಮಾತನ್ನು ಬೇರೆ ಬೇರೆ ಮಾಡಿ ನೋಡಲು ಜಗತ್ತಿಗೆ ಎಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ಒಂದು ಕೋಳಿ ಬಂತು. ಪ್ಲಿಮತ್ ರಾಕ್ ತಳಿಯ ಹೇಟೆ, ಎದೆಯ ಮೇಲೆ ದೊಡ್ಡ ಗಡ್ಡೆ. ಅಲ್ಲಿ ಪೇಟನ್ ರೌಸ್ ಅಂತ ಮೂವತ್ತು ವರ್ಷದ ಡಾಕ್ಟರ್ ಇದ್ದರು. ಅವರು ಆ ಗಡ್ಡೆಯ ಚೂರನ್ನು ಬೇರೆ ಕೋಳಿಗಳಿಗೆ ಹಾಕಿ ನೋಡಿದರು. ಮೊದಮೊದಲು ಅದೇ ಹಿಂಡಿನ ಹತ್ತಿರದ ಕೋಳಿಗಳಲ್ಲಿ ಮಾತ್ರ ಬೆಳೆಯಿತು. ಇಷ್ಟಕ್ಕೇ ವಿಶೇಷ ಇಲ್ಲ. ಜೀವಂತ ಕೋಶವನ್ನು ನೆಟ್ಟರೆ ಬೆಳೆಯಬಹುದು, ಗೆಡ್ಡೆ ನೆಟ್ಟ ಹಾಗೆ. ವಿಶೇಷ ಇರುವುದು ಆಮೇಲೆ ಅವರು ಮಾಡಿದ್ದರಲ್ಲಿ.

ಗಡ್ಡೆಯನ್ನು ಅರೆದು, ನೀರಲ್ಲಿ ಕಲಸಿ, ತುಂಬಾ ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿದರು. ನಾವು ಬಟ್ಟೆಯಲ್ಲಿ ಕಾಫಿ ಸೋಸುತ್ತೇವಲ್ಲ, ಚರಟ ಮೇಲೆ ಉಳಿದು ಡಿಕಾಕ್ಷನ್ ಕೆಳಗಿಳಿಯುತ್ತದೆ. ಹಾಗೆ ಕೋಶಗಳೆಲ್ಲ ಮೇಲೆ ಉಳಿದವು, ಬ್ಯಾಕ್ಟೀರಿಯಾ ಕೂಡ ಉಳಿದವು. ಕೆಳಗೆ ಇಳಿದ ತಿಳಿನೀರನ್ನು ಆರೋಗ್ಯವಾಗಿದ್ದ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು! ಒಂದೇ ಒಂದು ಕ್ಯಾನ್ಸರ್ ಕೋಶ ಇಲ್ಲದ ನೀರಿನಿಂದ ಕ್ಯಾನ್ಸರ್. 1911ರಲ್ಲಿ ಇದನ್ನು ಪ್ರಕಟಿಸಿದರು. 1908ರಲ್ಲೇ ಡೆನ್ಮಾರ್ಕಿನ ಎಲ್ಲರ್ಮನ್ ಮತ್ತು ಬ್ಯಾಂಗ್ ಕೋಳಿಗಳ ರಕ್ತದ ಕ್ಯಾನ್ಸರಿನಲ್ಲಿ ಇದೇ ರೀತಿ ತೋರಿಸಿದ್ದರು, ಆದರೆ ರಕ್ತದ ಕ್ಯಾನ್ಸರನ್ನು ಆಗ ಕ್ಯಾನ್ಸರ್ ಅಂತಲೇ ಎಣಿಸುತ್ತಿರಲಿಲ್ಲ.

ಜನ ಒಪ್ಪಲಿಲ್ಲ. ಕೋಳಿ ಎಲ್ಲಿ, ಮನುಷ್ಯ ಎಲ್ಲಿ ಅಂದರು. ಕ್ಯಾನ್ಸರ್ ರೋಗಿಯನ್ನು ನೋಡಿಕೊಂಡ ನರ್ಸಿಗೆ ಕ್ಯಾನ್ಸರ್ ಬರುವುದಿಲ್ಲವಲ್ಲ ಅಂದರು. ಆ ಮಾತು ಸರಿಯಾದದ್ದೇ, ಅದಕ್ಕೇ ಉತ್ತರ ಕೊಡುವುದು ಕಷ್ಟವಾಯಿತು. ರೌಸ್ ಇಲಿಗಳಲ್ಲಿ ಹೀಗೇ ಹುಡುಕಿದರು, ಸಿಗಲಿಲ್ಲ. ಕೆಲವು ವರ್ಷಗಳಲ್ಲಿ ಆ ಕೆಲಸವನ್ನೇ ಬಿಟ್ಟು ರಕ್ತ ಕೆಡದಂತೆ ಇಡುವುದು ಹೇಗೆ ಅನ್ನುವ ಕಡೆ ಹೋದರು. ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ. ಆಗ ವಯಸ್ಸು 87. ಇಷ್ಟು ವರ್ಷ ಬದುಕಿರದಿದ್ದರೆ ಅದೂ ಸಿಗುತ್ತಿರಲಿಲ್ಲ ಅಲ್ವಾ.

ಅವರನ್ನು ಮತ್ತೆ ಈ ದಾರಿಗೆ ಎಳೆದು ತಂದದ್ದು ಒಂದು ಮೊಲ. ನಮ್ಮೂರಿನವರಿಗೆ ಈ ಕಥೆ ಇಷ್ಟವಾಗುತ್ತದೆ, ಯಾಕೆಂದರೆ ಇದರಲ್ಲಿ ಬೇಟೆ ಇದೆ. ಅಮೆರಿಕದ ಬಯಲುಗಳಲ್ಲಿ ಬೇಟೆಗಾರರಿಗೆ ಕೊಂಬಿರುವ ಕಾಡುಮೊಲಗಳು ಸಿಗುತ್ತಿದ್ದವು. ಕೊಂಬು ಅಂದರೆ ನಿಜವಾದ ಕೊಂಬಲ್ಲ, ಗಟ್ಟಿಯಾಗಿ ಉದ್ದಕ್ಕೆ ಬೆಳೆದ ನರುಲಿ. ರಿಚರ್ಡ್ ಶೋಪ್ ಅನ್ನುವವರು ಬೇಟೆಗಾರರ ಮಾತನ್ನು ತಳ್ಳಿಹಾಕಲಿಲ್ಲ, ಆ ಮೊಲಗಳನ್ನು ತರಿಸಿದರು. ನರುಲಿ ಅರೆದು, ಸೋಸಿ, ಬೇರೆ ಮೊಲದ ಚರ್ಮ ಗೀರಿ ಹಚ್ಚಿದರು. ಅಲ್ಲೂ ನರುಲಿ ಬಂತು. 1933ರ ಮಾತಿದು. ಮುಂದಿನ ಕೆಲಸವನ್ನು ಗೆಳೆಯ ರೌಸ್‌ಗೆ ಕೊಟ್ಟರು.

ರೌಸ್ ನೋಡಿದ್ದರಲ್ಲಿ ಎರಡು ಸಂಗತಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಒಂದು, ಸಾಕುಮೊಲಗಳಲ್ಲಿ ಆ ನರುಲಿಗಳು ಹಾಗೇ ಉಳಿಯಲಿಲ್ಲ, ಹಲವು ತಿಂಗಳ ನಂತರ ಕ್ಯಾನ್ಸರ್ ಆದವು. ಅದೇ ಹೊತ್ತಿಗೆ ಆ ಗಡ್ಡೆಯಲ್ಲಿ ವೈರಸ್ ಹುಡುಕಿದರೆ ಸಿಗುತ್ತಿರಲಿಲ್ಲ. ಹಚ್ಚಿದ್ದು ವೈರಸ್, ಬೆಳೆದದ್ದು ಕ್ಯಾನ್ಸರ್, ಆದರೆ ಕ್ಯಾನ್ಸರಿನಿಂದ ಹರಡುವ ವೈರಸ್ ಇಲ್ಲ! ಆ ಲೈನ್ ಮನೆಯ ಕಲ್ಲಿನ ಮೇಲಿನ ತಟ್ಟೆಗೆ ಉತ್ತರ ಇದರಲ್ಲೇ ಇತ್ತು. ಎರಡು, ಮೊಲದ ಚರ್ಮಕ್ಕೆ ಟಾರ್ ಹಚ್ಚಿ ಆಮೇಲೆ ವೈರಸ್ ಕೊಟ್ಟರೆ ಕ್ಯಾನ್ಸರ್ ಬೇಗ ಬರುತ್ತಿತ್ತು. ಅಂದರೆ ವೈರಸ್ ಒಬ್ಬಂಟಿಯಾಗಿ ಎಲ್ಲ ಮಾಡುವುದಿಲ್ಲ. ಜೊತೆಗೆ ಇನ್ನೇನೋ ಬೇಕು.

ಇದೇ ಎರಡನೆಯದು ನನ್ನ ವೃತ್ತಿಗೆ ತೀರಾ ಹತ್ತಿರದ್ದು. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ವಿಲಿಯಂ ಜಾರೆಟ್ ಅಂತ ಪಶುವೈದ್ಯರು ಇದ್ದರು. ಬೆಕ್ಕುಗಳ ರಕ್ತದ ಕ್ಯಾನ್ಸರಿಗೆ ಕಾರಣವಾದ ವೈರಸನ್ನು 1964ರಲ್ಲಿ ಕಂಡುಹಿಡಿದದ್ದು ಅವರ ತಂಡವೇ. ಆಮೇಲೆ ಗುಡ್ಡಗಾಡಿನ ದನಗಳಲ್ಲಿ ಬಾಯಿ, ಗಂಟಲು, ಹೊಟ್ಟೆಯ ಕ್ಯಾನ್ಸರ್ ಯಾಕೆ ಇಷ್ಟು ಜಾಸ್ತಿ ಅಂತ ಬೆನ್ನು ಹತ್ತಿದರು. ದನಗಳ ಗಂಟಲಲ್ಲಿ ನರುಲಿ ಬರಿಸುವ ಒಂದು ವೈರಸ್ ಇತ್ತು. ಬಯಲಿನ ದನಗಳಲ್ಲಿ ಅಂಥ ನರುಲಿ ಬಂದು ತಾನಾಗಿ ಹೋಗುತ್ತದೆ. ಗುಡ್ಡದ ದನಗಳು ಮಾತ್ರ ಬ್ರಾಕನ್ ಅನ್ನುವ ಜರಿಗಿಡ ತಿನ್ನುತ್ತಿದ್ದವು. ಆ ಗಿಡದಲ್ಲಿ ವಿಷ ಇದೆ. ಅದು ದೇಹದ ರಕ್ಷಣೆಯನ್ನು ಕುಗ್ಗಿಸುತ್ತದೆ, ಕೋಶಗಳ ವಂಶವಾಹಿಯನ್ನೂ ಕೆಡಿಸುತ್ತದೆ. ನರುಲಿ ಹೋಗುವ ಬದಲು ಹಬ್ಬಿ, ಕೊನೆಗೆ ಕ್ಯಾನ್ಸರ್ ಆಗುತ್ತಿತ್ತು.

ಬ್ರಾಕನ್ ಜಾತಿಯ ಜರಿಗಿಡ ನಮ್ಮ ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಿನಲ್ಲೂ ಇದೆ. ನೀಲಗಿರಿ ಕಡೆ ಇದನ್ನು ವರ್ಷಗಟ್ಟಲೆ ತಿಂದ ಹಸುಗಳ ಮೂತ್ರದಲ್ಲಿ ರಕ್ತ ಬರುವುದು ಪಶುವೈದ್ಯರಿಗೆ ಹಳೆಯ ವಿಷಯ. ಒಳಗೆ ಮೂತ್ರಕೋಶದಲ್ಲಿ ಗಡ್ಡೆ ಇರುತ್ತದೆ. ಬೇಸಿಗೆಯ ಕೊನೆಗೆ ಹಸಿರು ಬೇರೇನೂ ಇಲ್ಲದಾಗ ದನ ಅದಕ್ಕೆ ಬಾಯಿ ಹಾಕುತ್ತದೆ, ಆ ಎರಡು ತಿಂಗಳು ಜಾಸ್ತಿ ಗಮನ ಬೇಕು. ಇಷ್ಟು ಹೇಳುತ್ತಿದ್ದ ಹಾಗೇ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಏನು ಅಂತ ನನಗೆ ಗೊತ್ತಾಯಿತು. ಥೆರ್ಮೆ ತೊಪ್ಪು! ಮಳೆಗಾಲದಲ್ಲಿ ತೋಡಿನ ಬದಿಯಿಂದ ತಂದು ಪಲ್ಯ ಮಾಡುವ ಥೆರ್ಮೆ ಬೇರೆಯ ಜರಿಗಿಡ, ಬ್ರಾಕನ್ ಅಲ್ಲ. ಗುರುತು ಗೊತ್ತಿರುವ ಹಿರಿಯರಿಂದ ಕುಯ್ಯಿಸಿ, ಚೆನ್ನಾಗಿ ಬೇಯಿಸಿ ತಿನ್ನಿ. ಕಂಡ ಕಂಡ ಜರಿಯ ಕುಡಿ ಮುರಿಯಬೇಡಿ, ಅಷ್ಟೇ.

ನಡುವೆ ಇಲಿಗಳ ದೊಡ್ಡ ಅಧ್ಯಾಯ ಇದೆ, ಬೇಗ ಹೇಳಿ ಮುಂದೆ ಹೋಗುತ್ತೇನೆ. 1936ರಲ್ಲಿ ಜಾನ್ ಬಿಟ್ನರ್ ಅನ್ನುವವರು ಇಲಿಮರಿಗಳನ್ನು ಹುಟ್ಟಿದ ಕೂಡಲೇ ಬೇರೆ ತಾಯಿಯ ಹಾಲಿಗೆ ಬಿಟ್ಟು, ಸ್ತನದ ಕ್ಯಾನ್ಸರ್ ಕೆಲವು ಇಲಿ ತಳಿಗಳಲ್ಲಿ ಹಾಲಿನ ಮೂಲಕ ಬರುತ್ತದೆ ಅಂತ ತೋರಿಸಿದರು. ಹಾಲಿನಲ್ಲಿದ್ದದ್ದು ವೈರಸ್. ಆದರೆ ಅವರು ಆ ಪದ ಬಳಸದೆ ಹಾಲಿನ ಪ್ರಭಾವ ಅಂತ ಮಾತ್ರ ಬರೆದರು, ವೈರಸ್ ಅಂದರೆ ಆಗ ಯಾರೂ ಕೇಳುತ್ತಿರಲಿಲ್ಲ. (ಇಲ್ಲಿ ಬಾಣಂತಿಯರು ಇದ್ದರು, ಅದಕ್ಕೆ ಒತ್ತಿ ಹೇಳಿದೆ, ಇಲ್ಲೂ ಹೇಳುತ್ತೇನೆ: ಇದು ಇಲಿಯ ವಿಷಯ. ತಾಯಿಯ ಹಾಲಿನಿಂದ ಮಗುವಿಗೆ ಹೀಗೆ ಸ್ತನದ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಹಾಲು ಕುಡಿಸಿ.) 1951ರಲ್ಲಿ ಲುಡ್ವಿಕ್ ಗ್ರಾಸ್ ಇಲಿಗಳ ರಕ್ತದ ಕ್ಯಾನ್ಸರನ್ನು ಸೋಸಿದ ನೀರಿನಿಂದ ಹರಡಿಸಿ ತೋರಿಸಿದರು. ದೊಡ್ಡ ಇಲಿಗಳಲ್ಲಿ ಆಗಲಿಲ್ಲ, ಆಗತಾನೇ ಹುಟ್ಟಿದ ಮರಿಗಳಲ್ಲಿ ಆಯಿತು. ಎಳೆಯ ವಯಸ್ಸಿನಲ್ಲಿ ಹೊಕ್ಕ ವೈರಸ್ ದೊಡ್ಡವರಾದ ಮೇಲೆ ಕಾಟ ಕೊಡುತ್ತದೆ ಅನ್ನುವ ಮಾತು ಆಮೇಲೆ ಮನುಷ್ಯರ ಲಿವರ್ ಕ್ಯಾನ್ಸರಿನಲ್ಲೂ ನಿಜವಾಯಿತು.

ಬರ್ನೀಸ್ ಎಡ್ಡಿ ಅನ್ನುವವರ ಹೆಸರನ್ನು ಮಾತ್ರ ಹಾರಿಸಿ ಹೋಗಲು ನನಗೆ ಮನಸ್ಸಿಲ್ಲ. ಪೋಲಿಯೊ ಲಸಿಕೆಗೆ ಕೋತಿಯ ಕಿಡ್ನಿ ಕೋಶಗಳನ್ನು ಬಳಸುತ್ತಿದ್ದ ಕಾಲ. ಆ ಕೋಶಗಳ ರಸವನ್ನು ಹ್ಯಾಮ್‌ಸ್ಟರ್ ಅನ್ನುವ ಇಲಿಯಂಥ ಪ್ರಾಣಿಯ ಮರಿಗಳಿಗೆ ಚುಚ್ಚಿದಾಗ ಗಡ್ಡೆ ಬಂದದ್ದನ್ನು ಆಕೆ ಕಂಡು, ಮುಚ್ಚಿಡದೆ ಹೇಳಿದರು. ಮೇಲಧಿಕಾರಿಗಳಿಗೆ ಸಿಟ್ಟು ಬಂತು, ಆಕೆಯ ಲ್ಯಾಬ್ ಹೋಯಿತು. ಆ ಕೋತಿ ಕೋಶಗಳೊಳಗಿದ್ದ ಎಸ್‌ವಿ40 ಅನ್ನುವ ವೈರಸ್ 1960ರಲ್ಲಿ ಸಿಕ್ಕಿತು, ಅದು ಇಲ್ಲದ ಹಾಗೆ ಲಸಿಕೆ ಮಾಡುವ ನಿಯಮ ಬಂತು. ಆ ಹಳೆಯ ಲಸಿಕೆ ಪಡೆದವರನ್ನು ದಶಕಗಟ್ಟಲೆ ಗಮನಿಸಿದಾಗ ಕ್ಯಾನ್ಸರ್ ಹೆಚ್ಚಾದದ್ದು ಸ್ಪಷ್ಟವಾಗಿ ಕಾಣಲಿಲ್ಲ. ಹ್ಯಾಮ್‌ಸ್ಟರಿಗೆ ಆದದ್ದೆಲ್ಲ ಮನುಷ್ಯನಿಗೆ ಆಗುವುದಿಲ್ಲ ಅನ್ನುವುದಕ್ಕೂ, ಹ್ಯಾಮ್‌ಸ್ಟರ್ ಹೇಳಿದ್ದನ್ನು ಕೇಳಿಸಿಕೊಳ್ಳಲೇಬೇಕು ಅನ್ನುವುದಕ್ಕೂ ಇದೇ ಉದಾಹರಣೆ. ಇದೇ ವೈರಸನ್ನು ಅಗೆಯುತ್ತಾ ಹೋದಾಗ 1979ರಲ್ಲಿ ಪಿ53 ಅನ್ನುವ ಪ್ರೋಟೀನ್ ಸಿಕ್ಕಿತು. ನಮ್ಮ ಪ್ರತಿಯೊಂದು ಕೋಶದಲ್ಲೂ ಕ್ಯಾನ್ಸರ್ ಆಗದಂತೆ ಕಾಯುವ ಕಾವಲುಗಾರ ಅದು.

ರೌಸ್‌ನ ಕೋಳಿ ಕೂಡ ಕೊನೆಗೆ ಒಂದು ದೊಡ್ಡ ಗುಟ್ಟು ಬಿಟ್ಟುಕೊಟ್ಟಿತು. ಆ ವೈರಸ್ಸಿನಲ್ಲಿ ಗಡ್ಡೆ ಬರಿಸುವ ಒಂದು ಜೀನ್, ಅಂದರೆ ವಂಶವಾಹಿ, ಇತ್ತು. ಅದು ವೈರಸ್ಸಿನ ಸ್ವಂತದ್ದಲ್ಲ, ಕೋಳಿಯಿಂದಲೇ ಕದ್ದದ್ದು ಅಂತ 1976ರಲ್ಲಿ ಬಿಷಪ್, ವಾರ್ಮಸ್ ಮತ್ತು ಜೊತೆಗಾರರು ತೋರಿಸಿದರು. ಅದೇ ಜೀನ್ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಗಾಯ ಮಾಗಬೇಕಾದರೆ, ಮಗು ಬೆಳೆಯಬೇಕಾದರೆ ಇಂಥ ಜೀನ್‌ಗಳು ಬೇಕು. ಹೂಮಳೆ ಬಾರದ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುತ್ತೇವಲ್ಲ, ವಾಲ್ವ್ ತೆರೆಯಬೇಕು, ಹೊತ್ತಿಗೆ ಮುಚ್ಚಬೇಕು. ತೆರೆದಲ್ಲೇ ಸಿಕ್ಕಿಹಾಕಿಕೊಂಡರೆ? ವೈರಸ್ ಕದ್ದ ಜೀನ್ ಹಾಗೆ ಕೆಟ್ಟ ವಾಲ್ವ್. ಬೀಡಿ ಹೊಗೆಯೋ ಬಿಸಿಲೋ ವಯಸ್ಸೋ ನಮ್ಮ ಕೋಶದ ವಾಲ್ವನ್ನು ವೈರಸ್ ಇಲ್ಲದೆಯೂ ಹಾಗೆ ಕೆಡಿಸಬಹುದು. ಅದಕ್ಕೇ ಹೆಚ್ಚಿನ ಕ್ಯಾನ್ಸರುಗಳಿಗೆ ವೈರಸ್ಸಿನ ಸಂಬಂಧ ಇಲ್ಲ.

ಹಾಗಾದರೆ ಮನುಷ್ಯರಲ್ಲಿ? ರೌಸ್‌ನ ಕೋಳಿ ವೈರಸ್ ಮೇಲೆ ಕೆಲಸ ಮಾಡುತ್ತಿದ್ದ ಆಂಥೊನಿ ಎಪ್ಸ್ಟೀನ್ 1961ರಲ್ಲಿ ಲಂಡನ್ನಿನಲ್ಲಿ ಒಂದು ಉಪನ್ಯಾಸಕ್ಕೆ ಹೋಗಿ ಕೂತರು. ಉಗಾಂಡದ ಮಕ್ಕಳ ದವಡೆಯಲ್ಲಿ ಬರುವ ಗಡ್ಡೆಯ ಬಗ್ಗೆ ಡೆನಿಸ್ ಬರ್ಕಿಟ್ ಮಾತಾಡುತ್ತಿದ್ದರು. ಕೋಳಿ ಗೊತ್ತಿದ್ದವರಿಗೆ ಕಿವಿ ನೆಟ್ಟಗಾಯಿತು. 1964ರಲ್ಲಿ ಆ ಗಡ್ಡೆಯ ಕೋಶಗಳಲ್ಲಿ ವೈರಸ್ ಕಂಡಿತು. ಮನುಷ್ಯನ ಕ್ಯಾನ್ಸರಿನಲ್ಲಿ ಸಿಕ್ಕ ಮೊದಲ ವೈರಸ್ ಅದು. ಆಮೇಲೆ ಲಿವರಿಗೆ ಹೆಪಟೈಟಿಸ್ ಬಿ ಮತ್ತು ಸಿ. 1983ರಲ್ಲಿ ಜರ್ಮನಿಯ ಹೆರಾಲ್ಡ್ ಜುರ್ ಹೌಸನ್ ತಂಡ ಗರ್ಭಕಂಠದ ಕ್ಯಾನ್ಸರಿನಲ್ಲಿ ಎಚ್‌ಪಿವಿ 16 ಅನ್ನು, ಮರುವರ್ಷ 18 ಅನ್ನು ಹಿಡಿಯಿತು. ಎಚ್‌ಪಿವಿ ಅಂದರೆ ಮೊಲದ ಕೊಂಬಿನ ವೈರಸ್ಸಿನ ನೆಂಟ, ಮನುಷ್ಯನಿಗೆ ನರುಲಿ ತರಿಸುವ ಮನೆತನದ್ದು. ಮೊಲದಲ್ಲಿ ಆದ ಹಾಗೇ ಕ್ಯಾನ್ಸರಿನೊಳಗೆ ಪೂರ್ತಿ ವೈರಸ್ ಸಾಮಾನ್ಯವಾಗಿ ಇರುವುದಿಲ್ಲ, ಅದರ ಒಂದೆರಡು ಜೀನ್ ಉಳಿದು ಪಿ53 ಕಾವಲುಗಾರನನ್ನು ಮುಗಿಸುತ್ತಾ ಇರುತ್ತವೆ.

ಜಗತ್ತಿನಲ್ಲಿ 2018ರಲ್ಲಿ ಬಂದ ಹೊಸ ಕ್ಯಾನ್ಸರುಗಳಲ್ಲಿ ಸುಮಾರು 22 ಲಕ್ಷ, ಅಂದರೆ ನೂರಕ್ಕೆ 13ರಷ್ಟು, ವೈರಸ್ ಮತ್ತು ಬ್ಯಾಕ್ಟೀರಿಯಾದಂಥ ಸೋಂಕಿನಿಂದ ಬಂದವು ಅಂತ ಲೆಕ್ಕ. ನಮ್ಮ ದೇಶದಲ್ಲಿ ಗರ್ಭಕಂಠದ ಕ್ಯಾನ್ಸರ್ ಒಂದೇ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಬರುತ್ತಿದೆ.

ಈಗ ಲಸಿಕೆ. ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಯಾರಿಗೆ ಸಿಕ್ಕಿತು ಗೊತ್ತಾ? ಕೋಳಿಗೆ. ಫಾರಂ ಇಟ್ಟವರಿಗೆ ಮಾರೆಕ್ಸ್ ರೋಗ ಗೊತ್ತಿರುತ್ತದೆ. ಕೋಳಿ ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಬಿದ್ದಿರುತ್ತದೆ. ಕೊಯ್ದು ನೋಡಿದರೆ ಲಿವರಿನಲ್ಲಿ, ನರಗಳಲ್ಲಿ ಗಡ್ಡೆ. ಪುಕ್ಕದ ಧೂಳಿನಲ್ಲಿ ಹರಡುವ ವೈರಸ್ ಅದು, ಕಂಡುಹಿಡಿದದ್ದು 1967ರಲ್ಲಿ. 1970ರ ಹೊತ್ತಿಗೆ ಲಸಿಕೆ ಬಂತು. ಸೋಮವಾರಪೇಟೆ ಕಡೆ ಒಬ್ಬರು ಲಸಿಕೆ ಆಗದ ಮರಿಗಳನ್ನು ಅಗ್ಗಕ್ಕೆ ತಂದಿದ್ದರು. ನಾಲ್ಕು ತಿಂಗಳಿಗೆ, ಇನ್ನೇನು ಮೊಟ್ಟೆ ಇಡಬೇಕು ಅನ್ನುವಾಗ, ದಿನಾ ಬೆಳಿಗ್ಗೆ ಸತ್ತ ಕೋಳಿ ಎತ್ತುವ ಕೆಲಸವಾಯಿತು. ನಾನು ಹೋಗಿ ಏನು ಮಾಡುವುದು? ಬಂದ ಮೇಲೆ ಔಷಧಿ ಇಲ್ಲ. ಹುಟ್ಟಿದ ದಿನವೇ ಹಾಕಬೇಕು, ವೈರಸ್ ಹೊಗುವ ಮೊದಲೇ. ಮರುಬಾರಿ ಅವರು ಲಸಿಕೆ ಆದ ಮರಿ ತಂದರು, ಗಡ್ಡೆ ಬರಲಿಲ್ಲ.

ಎಚ್‌ಪಿವಿ ಲಸಿಕೆಯೂ ಹಾಗೇ, ವೈರಸ್ ಹೊಗುವ ಮೊದಲೇ ಬೇಕು. ಅದಕ್ಕೇ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ. ಇದರಲ್ಲಿ ವೈರಸ್ ಇಲ್ಲ, ವೈರಸ್ಸಿನ ಹೊರಗಿನ ಚಿಪ್ಪು ಮಾತ್ರ, ಒಳಗೆ ಖಾಲಿ. ಈ ಖಾಲಿ ಚಿಪ್ಪಿನ ಉಪಾಯ ಕೆಲಸ ಮಾಡುತ್ತದೆ ಅಂತ ಮೊದಲು ತೋರಿಸಿಕೊಟ್ಟದ್ದು ಮೊಲ, ದನ ಮತ್ತು ಬಾಯಲ್ಲಿ ನರುಲಿ ಬರುವ ನಾಯಿಗಳು, 1990ರ ದಶಕದಲ್ಲಿ. ಮನುಷ್ಯರ ಲಸಿಕೆ 2006ರಲ್ಲಿ ಬಂತು. ನಮ್ಮ ಪುಣೆಯಲ್ಲಿ ತಯಾರಾದ ಸರ್ವಾವ್ಯಾಕ್ 2023ರಲ್ಲಿ. ಹುಟ್ಟಿದ ಮಗುವಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯೂ ಕ್ಯಾನ್ಸರ್ ಲಸಿಕೆಯೇ. ತೈವಾನಿನಲ್ಲಿ 1984ರಲ್ಲಿ ವೈರಸ್ ಇರುವ ತಾಯಂದಿರ ಶಿಶುಗಳಿಗೆ ಶುರು ಮಾಡಿ, ಆಮೇಲೆ ಎಲ್ಲ ಶಿಶುಗಳಿಗೂ ಹಾಕಿದ ಮೇಲೆ ಮಕ್ಕಳ ಲಿವರ್ ಕ್ಯಾನ್ಸರ್ ಇಳಿಯಿತು.

ಆಮೇಲೆ ಪ್ರಶ್ನೆಗಳು ಬಂದವು.

ಗಡ್ಡೆ ಇರುವ ಕೋಳಿ ತಿಂದರೆ ನಮಗೆ ಬರುತ್ತಾ ಅಂತ ಒಬ್ಬರು ಕೇಳಿದರು. ಮಾರೆಕ್ಸ್ ವೈರಸ್ಸಾಗಲಿ ರೌಸ್ ವೈರಸ್ಸಾಗಲಿ ಕೋಳಿ ತಿನ್ನುವುದರಿಂದ ಮನುಷ್ಯನಿಗೆ ಕ್ಯಾನ್ಸರ್ ತಂದದ್ದು ಕಂಡಿಲ್ಲ. ಆದರೆ ಕಾಯಿಲೆ ಬಿದ್ದ ಕೋಳಿಯನ್ನು ತಿನ್ನಬೇಡಿ, ಬೇರೆ ರೋಗ ಇರಬಹುದು. ಹಸುವಿನ ಕೆಚ್ಚಲಿನ ನರುಲಿ ಬಗ್ಗೆ ಇನ್ನೊಬ್ಬರು ಕೇಳಿದರು. ಅದು ದನದ ವೈರಸ್, ಮನುಷ್ಯರ ಗರ್ಭಕಂಠದ ವೈರಸ್ ಬೇರೆ. ಹಾಲು ಕಾಯಿಸಿ ಕುಡಿಯಿರಿ. ನರುಲಿ ಇರುವ ಹಸುವನ್ನು ಕೊನೆಗೆ ಕರೆಯಿರಿ, ಕೈ ತೊಳೆಯಿರಿ, ಬೇರೆ ಹಸುಗಳಿಗೆ ಹರಡದಿರಲಿ.

ಪೊನ್ನಂಪೇಟೆಯಿಂದ ಬಂದಿದ್ದ ಕಾಲೇಜು ಹುಡುಗ ಎದ್ದು, ಇಷ್ಟು ಪ್ರಾಣಿಗಳನ್ನು ಹೀಗೆ ಸಾಯಿಸಿದ್ದು ಸರೀನಾ ಸರ್ ಅಂತ ಕೇಳಿದ. ಸಭೆ ಸುಮ್ಮನಾಯಿತು. ನನಗೆ ಆ ಪ್ರಶ್ನೆ ಇಷ್ಟವಾಯಿತು. ಪ್ರಾಣಿಗಳ ನೋವು ನೋಡಿಯೇ ಬದುಕಿದವನು ನಾನು, ಅದನ್ನು ಹಗುರ ಮಾಡಿ ಹೇಳಲಾರೆ. ಲೆಕ್ಕವಿಲ್ಲದಷ್ಟು ಇಲಿ, ಮೊಲ, ಕೋಳಿ ಸತ್ತಿವೆ. ಕೆಲವು ಪ್ರಯೋಗ ಬೇಕಿರಲಿಲ್ಲ ಅಂತಲೂ ನನಗೆ ಅನಿಸುತ್ತದೆ. ಈಗ ಬೇರೆ ದಾರಿ ಇದ್ದರೆ ಪ್ರಾಣಿ ಬಳಸಬಾರದು, ಬಳಸಿದರೂ ಕಡಿಮೆ, ನೋವೂ ಕಡಿಮೆ ಅನ್ನುವ ಮೂರು ನಿಯಮ ಇವೆ, 1959ರಲ್ಲಿ ರಸೆಲ್ ಮತ್ತು ಬರ್ಚ್ ಹಾಕಿಕೊಟ್ಟದ್ದು. ನಮ್ಮ ದೇಶದಲ್ಲೂ ಸಮಿತಿಯ ಒಪ್ಪಿಗೆ ಬೇಕು. ಆದರೆ ಆ ಕೋಳಿ, ಆ ಮೊಲ ಇಲ್ಲದೆ ಈ ಲಸಿಕೆ ಇವತ್ತಿಗೆ ಬರುತ್ತಿತ್ತು ಅಂತ ನಾನು ನಂಬುವುದಿಲ್ಲ. ಜಾರೆಟ್ ಹಾಗೆ ಕಾಯಿಲೆ ಬಿದ್ದ ದನಗಳನ್ನೇ ಗಮನವಿಟ್ಟು ನೋಡಿ ಕಲಿತದ್ದೂ ಬಹಳ ಇದೆ. ಹುಡುಗ ಪೂರ್ತಿ ಒಪ್ಪಲಿಲ್ಲ, ಅದೂ ಸರಿಯೇ.

ಲಸಿಕೆ ಹಾಕಿದರೆ ಮಕ್ಕಳಾಗುವುದಿಲ್ಲವಂತೆ ಹೌದಾ ಅಂತ ಆಶಾ ಕಾರ್ಯಕರ್ತೆಯೊಬ್ಬರು ಊರಿನವರ ಪರವಾಗಿ ಕೇಳಿದರು. ಇಲ್ಲ. ಎಷ್ಟೋ ದೇಶಗಳಲ್ಲಿ ಕೋಟಿಗಟ್ಟಲೆ ಹೆಣ್ಣುಮಕ್ಕಳಿಗೆ ಹಾಕಿಯಾಗಿದೆ, ಅದರಿಂದ ಮಕ್ಕಳಾಗದೆ ಹೋದದ್ದು ಕಂಡಿಲ್ಲ. ವಯಸ್ಸು ಮೀರಿದ ನಮಗೇನು ಅಂತ ಅಮ್ಮಂದಿರು ಕೇಳಿದರು. ಮೂವತ್ತು ದಾಟಿದವರಿಗೆ ಪರೀಕ್ಷೆ ಇದೆ, ವಿನೆಗರಿನಲ್ಲಿರುವ ಆಮ್ಲವನ್ನೇ ತೆಳುವಾಗಿ ಗರ್ಭಕಂಠಕ್ಕೆ ಹಚ್ಚಿ ಬಿಳಿ ಮಚ್ಚೆ ಕಾಣುತ್ತದಾ ಅಂತ ನೋಡುವುದು. ಮುಂಬಯಿಯಲ್ಲಿ ಒಂದೂವರೆ ಲಕ್ಷ ಹೆಂಗಸರ ನಡುವೆ ನಡೆದ ಅಧ್ಯಯನದಲ್ಲಿ ಈ ಪರೀಕ್ಷೆಯಿಂದ ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ನಾಚಿಕೆಪಡದೆ ಆಸ್ಪತ್ರೆಯಲ್ಲಿ ಕೇಳಿ.

ಮೊದಲು ಪಕ್ಕಕ್ಕೆ ಕರೆದಿದ್ದ ಅಮ್ಮ ಕೊನೆಯವರೆಗೂ ಕೂತಿದ್ದರು. ಅವರ ತಂಗಿಗೆ ಮೈಸೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆಯಂತೆ. ಒಟ್ಟಿಗೆ ಊಟ ಮಾಡಬಹುದಾ, ಬಟ್ಟೆ ಒಟ್ಟಿಗೆ ಒಗೆಯಬಹುದಾ ಅಂತ ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಹೌದು ಅಂದೆ. ಜೊತೆಗೆ ಬಂದಿದ್ದ ಮೊಮ್ಮಗಳಿಗೆ ಹನ್ನೊಂದು ವರ್ಷ. ಇಂಜೆಕ್ಷನ್ ನೋಯುತ್ತಾ ಅಂತ ಅವಳ ಪ್ರಶ್ನೆ. ತೋಳು ಒಂದೆರಡು ದಿನ ನೋಯಬಹುದು, ಚುಚ್ಚಿದ ಮೇಲೆ ಕೆಲವರಿಗೆ ತಲೆ ತಿರುಗುತ್ತದೆ, ಅದಕ್ಕೇ ಹದಿನೈದು ನಿಮಿಷ ಅಲ್ಲೇ ಕೂರಿಸುತ್ತಾರೆ, ಓಡಿ ಬರಬೇಡ ಅಂತ ಹೇಳಿದೆ.